ಲೈನ ಬಂದದ

ಜೇವರ್ಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಲಸಂಗಮ ಕುಡಿಯುವ ನೀರಿನ ಯೋಜನೆಯ ಕಚೇರಿಯಿದೆ. ಆ ಕಚೇರಿಯಲ್ಲಿ ಒಂದು ಕೋಣೆ. ಕೋಣೆಗೊಂದು ಕಿಟಕಿಯೂ ಇದೆ, ಆದರೆ ಧೂಳು ಬಂದು ಕಂಪ್ಯೂಟರ್ ಕೆಡುತ್ತದೆ ಅಂತ ಯಾರೋ ಪುಣ್ಯಾತ್ಮರು ಅದಕ್ಕೆ ಮೊಳೆ ಹೊಡೆಸಿಬಿಟ್ಟಿದ್ದಾರೆ. ಅಲ್ಲಿ ಸುಮಂಗಲಾ ಕೂರುತ್ತಾಳೆ. ಮಗಳು ತೊಟ್ಟಿಲಲ್ಲಿದ್ದಾಗ ಗುತ್ತಿಗೆ ನೌಕರಿಗೆ ಬಂದು ಕೂತವಳು. ಈಗ ಮಗಳು ಐದನೇ ಇಯತ್ತೆ.

ಅವಳ ಕೆಲಸ ಏನು ಅಂತ ಹೇಳಿದರೆ ನೀವು ನಗುತ್ತೀರಿ. ಕುರಿ ಕಾಯುವವನ ಕೈಯಲ್ಲೂ ಫೋನಿದ್ದು, ಅದರಲ್ಲಿ ದುಬೈಯಲ್ಲಿರುವ ಅಳಿಯನ ಮುಖ ಕಾಣುವ ಕಾಲ ಇದು. ಇಂಥ ಕಾಲದಲ್ಲಿ ಈ ಯೋಜನೆಯ ಮೂರು ಕಂಪ್ಯೂಟರುಗಳು ಟೆಲಿಫೋನ್ ತಂತಿಯ ಮೇಲೆ ಒಂದಕ್ಕೊಂದು ನಂಬರ್ ಹಚ್ಚಿ ಮಾತಾಡುತ್ತವೆ. ಒಂದು ಇಲ್ಲಿ ಜೇವರ್ಗಿಯಲ್ಲಿ, ಒಂದು ಆಳಂದದ ದೊಡ್ಡ ಟ್ಯಾಂಕಿನ ಬುಡದಲ್ಲಿ, ಇನ್ನೊಂದು ಅಫಜಲಪುರ ತಾಲ್ಲೂಕಿನ ಅತನೂರಿನ ಪಂಪ್‌ಹೌಸಿನಲ್ಲಿ. ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಆಳಂದದ್ದು ಹೇಳಬೇಕು. ಅದನ್ನು ಕೇಳಿಕೊಂಡು ಜೇವರ್ಗಿಯದು ಅತನೂರಿಗೆ ‘ಪಂಪು ಹಾಕು’ ಇಲ್ಲವೇ ‘ನಿಲ್ಲಿಸು’ ಅಂತ ಹುಕುಂ ಕೊಡಬೇಕು. ಹೊಸದನ್ನು ಹಾಕಬಾರದೇ ಅಂತೀರಿ. ಹಾಕಬಹುದು. ಪ್ರತಿ ವರ್ಷವೂ ಮಂಜೂರಾಗುತ್ತದೆ, ಪ್ರತಿ ವರ್ಷವೂ ಮಂಜೂರಾದಲ್ಲೇ ಇರುತ್ತದೆ. ಪಂಪಿನ ಡಬ್ಬಿ ಈ ಹಳೆಯ ಯಂತ್ರದ ಮಾತನ್ನಷ್ಟೇ ಕೇಳುತ್ತದೆ, ಆ ಡಬ್ಬಿ ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿದೆ.

ಈ ಮಾತುಕತೆ ನಡೆಸುವ ಪ್ರೋಗ್ರಾಮಿಗೆ ಮುಖ ಮೂತಿ ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಹಿಂದಕ್ಕೆ ಸರಿದು ಕೂತುಬಿಡುತ್ತದೆ. ಕೂತದ್ದು ಯಾರಿಗೂ ಕಾಣದು. ಹೊತ್ತಿಗೆ ಸರಿಯಾಗಿ ತಾನೇ ಎದ್ದು, ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಮೋಡೆಮ್ ಎಂಬ ಪೆಟ್ಟಿಗೆಯಿಂದ ಫೋನ್ ಎತ್ತುತ್ತದೆ, ನಂಬರ್ ಹಚ್ಚುತ್ತದೆ. ಆ ಕಡೆಯ ಯಂತ್ರ ಓಗೊಟ್ಟರೆ ತನ್ನ ಹೆಸರು, ಗುಟ್ಟಿನ ಶಬ್ದ ಹೇಳಿ, ಕೊಡುವುದನ್ನು ಕೊಟ್ಟು ತಗೊಳ್ಳುವುದನ್ನು ತಗೊಂಡು ಫೋನ್ ಇಡುತ್ತದೆ. ಓಗೊಡದಿದ್ದರೆ ಸ್ವಲ್ಪ ತಡೆದು ಮತ್ತೆ ಹಚ್ಚುತ್ತದೆ. ಬೇಜಾರಿಲ್ಲ, ಸಿಟ್ಟಿಲ್ಲ. ಇಂಥದ್ದಕ್ಕೆ ಡೀಮನ್ ಅನ್ನುತ್ತಾರೆಂದು ಕಂಪ್ಯೂಟರ್ ಕೂರಿಸಲು ಬಂದ ಕಂಪನಿಯವನು ಮೊದಲ ದಿನವೇ ಹೇಳಿದ್ದ. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಿಪಾಯಿ ಹುಲೆಪ್ಪನ ಕಿವಿಗೆ ಅದು ‘ದಿವಾನ’ ಅಂತ ಬಿತ್ತು.

“ಖರೇನ ಅದ ಬಿಡ್ರಿ,” ಅಂದಿದ್ದ ಅವನು. “ಪರದೆ ಹಿಂದ ಕುಂತು ಹುಕುಂ ಮಾಡಾಂವ ದಿವಾನನ ಅಲ್ಲೇನ್ರಿ ಮತ್ತ?”

ಅವತ್ತಿನಿಂದ ಇಡೀ ಕಚೇರಿಗೆ ಅದು ದಿವಾನಸಾಬ. ‘ದಿವಾನಸಾಬ್ರು ಎದ್ದಾರೇನ್ರಿ?’ ‘ದಿವಾನಸಾಬ್ರು ಅತನೂರಿಗಿ ಮಾತಾಡಾಕತ್ತಾರ, ಸುಮ್ನಿರ್ರಿ.’ ಸುಮಂಗಲಾಳೂ ಹಾಗೇ ಅನ್ನುತ್ತಾಳೆ.

ಈ ದಿವಾನಸಾಬರಿಗೆ ಒಂದು ಕೆಟ್ಟ ಚಾಳಿ. ಫೋನ್ ಎತ್ತುವಾಗ, ಲೈನು ನನ್ನ ಕೈಲಿದೆ, ಯಾರೂ ಮುಟ್ಟಬೇಡಿ ಅಂತ ಒಂದು ಬೀಗ ಹಾಕಿಕೊಳ್ಳುತ್ತಾರೆ. ಕಬ್ಬಿಣದ ಬೀಗವಲ್ಲ, ಕಂಪ್ಯೂಟರಿನ ಒಳಗೇ ಒಂದು ಗುರುತು. ಮಾತು ಮುಗಿದ ಮೇಲೆ ಅದನ್ನು ತೆಗೆಯುತ್ತಾರೆ. ಮಾತಿನ ನಡುವೆ ಲೈನು ಕಡಿದರೆ ಮಾತ್ರ ತೆಗೆಯಲು ಮರೆಯುತ್ತಾರೆ. ಆಮೇಲೆ ತಾವೇ ಹಾಕಿದ ಬೀಗ ನೋಡಿ, ಓಹೋ, ಯಾರೋ ಮಾತಾಡುತ್ತಿದ್ದಾರೆ ಅಂತ ತಿಳಿದು ತೆಪ್ಪಗೆ ಕೂರುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಂಡು, ಯಾರು ಹಾಕಿದರಪ್ಪಾ ಅಂತ ಕೇಳುವವರನ್ನು ಏನು ಮಾಡಬೇಕು? ಯಾರಾದರೂ ಕೋಣೆಯಲ್ಲಿರಬೇಕು, ಬೀಗ ತೆಗೆದು ಸಾಹೇಬರನ್ನು ಎಬ್ಬಿಸಬೇಕು. ಆ ‘ಯಾರಾದರೂ’ ಅನ್ನುವುದು ಮೊದಲಿನಿಂದಲೂ ಸುಮಂಗಲಾಳೇ.

ಲೈನು ಪೂರ್ತಿ ಹೋದರೆ ಬೇರೆ ರಿವಾಜು. ಅತನೂರಿನ ಪಂಪ್‌ಹೌಸ್ ನೋಡಿಕೊಳ್ಳುವ ಇಮಾಮಸಾಬ ತನ್ನ ಮೊಬೈಲಿನಿಂದ ಫೋನ್ ಮಾಡುತ್ತಾನೆ. ಆಗ ಸುಮಂಗಲಾ ಪರದೆಯ ಮೇಲೆ ಆಳಂದದ ಟ್ಯಾಂಕಿನ ನೀರು ನೋಡಿ, ಪಂಪು ಹಾಕಿ, ನಿಲ್ಲಿಸಿ ಅಂತ ಬಾಯಲ್ಲೇ ಹೇಳಬೇಕು. ಅವಳು ಹೇಳದೆ ಇಮಾಮಸಾಬ ಗುಂಡಿ ಮುಟ್ಟುವವನಲ್ಲ. ಒಮ್ಮೆ ಪಾಪ, ತಾನೇ ಪಂಪು ಹಾಕಿ, ಆಳಂದದ ಟ್ಯಾಂಕು ತುಂಬಿ ಹರಿದು, ನೋಟಿಸು ತಿಂದಿದ್ದ. ಅವತ್ತೇ ಕಿವಿ ಹಿಂಡಿಕೊಂಡಿದ್ದ.

ಇಲ್ಲೊಂದು ಮಾತಿದೆ, ಕೇಳಿ. ಈ ಕಡೆಯ ಕನ್ನಡದಲ್ಲಿ ಬಂದಿದೆ ಅನ್ನುವುದಕ್ಕೆ ‘ಬಂದದ’ ಅನ್ನುತ್ತಾರೆ. ಮುಚ್ಚಿದೆ, ನಿಂತಿದೆ ಅನ್ನುವುದಕ್ಕೆ ‘ಬಂದ್ ಅದ’ ಅನ್ನುತ್ತಾರೆ. ಬಾಯಲ್ಲಿ ಎರಡೂ ಒಂದೇ. ಎದುರಿಗಿದ್ದರೆ ಹೇಳುವವರ ಮುಖ ನೋಡಿ ತಿಳಿದುಕೊಳ್ಳಬಹುದು. ಫೋನಿನಲ್ಲಿ ಮುಖ ಎಲ್ಲಿಂದ ತರಬೇಕು? ಇಮಾಮಸಾಬ “ಲೈನ ಬಂದದ್ರಿ ಬಾಯಿ” ಅಂದಾಗಲೆಲ್ಲ ಸುಮಂಗಲಾ ತಪ್ಪದೆ ತಿರುಗಿ ಕೇಳುತ್ತಿದ್ದಳು: “ಚಾಚಾ, ಬಂತೋ, ಬಂದ್ ಆತೋ?”

ಅವನು ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ನಗುತ್ತಿದ್ದ. “ಬಂದ್ ಆತ್ರಿ ಬಾಯಿ, ಬಂದ್! ಪೂರಾ ಬಂದ್!”

ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ತಿರುಗಿ ಕೇಳದೆ ಬಿಟ್ಟಿರಲಿಲ್ಲ. ಕಂಪ್ಯೂಟರಿಗಿಂತ ದೊಡ್ಡ ಕೆಲಸ ಅದೇ ಅಂತ ಅವಳಿಗೆ ಗೊತ್ತಿತ್ತು.

ಅವಳ ಮನೆಯಿರುವುದು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿ. ಗಂಡ ಅಜಯಕುಮಾರನದು ಅಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಅತ್ತೆ ಕಸ್ತೂರಿಬಾಯಿ ಇದ್ದಾಳೆ, ಮಗಳು ರಾಧಿಕಾ ಇದ್ದಾಳೆ. ಗಂಡ ಅಂಗಡಿ ಬಿಟ್ಟು ಬರುವಂತಿಲ್ಲ, ಇವಳು ನೌಕರಿ ಬಿಟ್ಟು ಹೋಗುವಂತಿಲ್ಲ. ಒಬ್ಬರ ದುಡಿಮೆಯಲ್ಲಿ ಆ ಮನೆ ನಡೆಯುವುದಿಲ್ಲ. ಜೇವರ್ಗಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಾಳೆ. ಹೊತ್ತಲ್ಲದ ಹೊತ್ತಿನಲ್ಲಿ ದಿವಾನಸಾಬರು ಮುನಿಸಿಕೊಂಡರೆ ಓಡಬೇಕು, ಅಲ್ಲಿ ಹುಡುಗಿಯನ್ನು ತಂದಿಟ್ಟುಕೊಂಡು ಯಾರ ಕೈಗೆ ಒಪ್ಪಿಸಿ ಹೋಗುವುದು? ಹಾಗಾಗಿ ಭಾನುವಾರಕ್ಕೊಮ್ಮೆ ಮನೆ. ಜೇವರ್ಗಿಯಿಂದ ಕಲಬುರಗಿ, ಕಲಬುರಗಿಯಿಂದ ಆಳಂದ, ಆಳಂದದಿಂದ ಮಾದನಹಿಪ್ಪರಗಾ, ಹೀಗೆ ಬಸ್ಸು ಬದಲಿಸಿ ಬದಲಿಸಿ ಮನೆ ಮುಟ್ಟಿ, ಹುಡುಗಿಯ ತಲೆ ಬಾಚಿ ಎರಡು ಜಡೆ ಹಾಕುವಷ್ಟರಲ್ಲಿ ತಿರುಗಿ ಹೊರಡುವ ಹೊತ್ತು.

ಅದೂ ಎಲ್ಲ ಭಾನುವಾರ ಇಲ್ಲ. ಶನಿವಾರ ಸಂಜೆ ಲೈನು ಕಡಿದರೆ ಭಾನುವಾರ ಕೋಣೆಯಲ್ಲೇ. ಮೊದಮೊದಲು ರಾಧಿಕಾ ಚಿಕ್ಕವಳು. ಡೀಮನ್ನು, ಬೀಗ, ಲೈನು ಅಂತ ಆ ಕೂಸಿಗೆ ಏನು ಹೇಳುವುದು? ಯಂತ್ರ ಬಿಡಲಿಲ್ಲ ಅಂದರೆ, ನನಗಿಂತ ಯಂತ್ರ ಹೆಚ್ಚೇ ಅಂತ ಕೇಳಿಯಾಳು ಅಂತ ಸುಮಂಗಲಾಳಿಗೆ ಹೆದರಿಕೆ. ಅದಕ್ಕೆ ಒಂದು ಸುಲಭದ ಸುಳ್ಳು ಹಿಡಿದುಕೊಂಡಳು.

“ರಾಧಿ, ಬಸ್ಸ ಬಂದದ ನೋಡು. ಒಂದೂ ಹೋಗವಲ್ವು. ಮುಂದಿನ ವಾರ ಬರ್ತೇನಿ, ಹಾಂ?”

ಮೊದಲು ಹುಡುಗಿ ಅಳುತ್ತಿದ್ದಳು. ಆಮೇಲೆ “ಯಾವಾಗ ಚಾಲೂ ಆಗ್ತಾವ ಮಮ್ಮಿ?” ಅಂತ ಕೇಳುತ್ತಿದ್ದಳು. ಈಗೀಗ ಏನೂ ಕೇಳುತ್ತಿರಲಿಲ್ಲ. ಬಸ್ಸ ಬಂದದ ಅಂದರೆ ಹ್ಞೂಂ ಅನ್ನುತ್ತಿದ್ದಳು, ಫೋನು ಅಜ್ಜಿಯ ಕೈಗೆ ಕೊಡುತ್ತಿದ್ದಳು. ಅಷ್ಟು ಊರುಗಳ ಬಸ್ಸು ವಾರ ಬಿಟ್ಟು ವಾರ ಯಾಕೆ ನಿಲ್ಲುತ್ತದೆ ಅಂತ ಐದನೇ ಇಯತ್ತೆಯ ಹುಡುಗಿಗೆ ಅನುಮಾನ ಬಂದಿರಲಿಕ್ಕಿಲ್ಲವೇ? ಬಂದಿತ್ತು. ಕೇಳದೆ ಸುಮ್ಮನಿದ್ದಳು.

ಹೀಗಿರುವಾಗ ಇದೇ ಯೋಜನೆಯ ಆಳಂದದ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಬರೀ ನಳದ ಅರ್ಜಿ ಟೈಪ್ ಮಾಡುವ ಕೆಲಸ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರಬಹುದು. ಆ ಸುದ್ದಿ ಕೇಳಿದ ದಿನ ಸುಮಂಗಲಾಳಿಗೆ ಊಟ ಸೇರಲಿಲ್ಲ. ನೆಟ್ಟಗೆ ಇಂಜಿನಿಯರ್ ಅನೀಲಕುಮಾರನ ಮುಂದೆ ಹೋಗಿ ನಿಂತಳು.

“ಸರ್, ನನ್ನ ಆಳಂದಕ್ಕ ಹಾಕ್ರಿ. ಕೈ ಮುಗೀತೇನಿ.”

ಅನೀಲಕುಮಾರ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. “ಅಯ್ಯ ಮೇಡಂ, ನೀವು ಹೋದ್ರ ದಿವಾನಸಾಬ್ರು ಯಾರ ಮಾತ ಕೇಳ್ತಾರ್ರಿ? ನಿಮ್ಮ ಕೈಗುಣ ಬ್ಯಾರೆಯವ್ರಿಗಿ ಇಲ್ರಿ. ಇಷ್ಟ ಊರಿನ ಮಂದಿ ನಿಮ್ಮ ಹೆಸರ ಹೇಳಿ ನೀರ ಕುಡೀತಾರ.”

ಈ ಹೊಗಳಿಕೆ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೈದರೆ ತಿರುಗಿ ಬೈಯಬಹುದು, ಜಗಳ ತೆಗೆಯಬಹುದು. ಹೊಗಳುವವನ ಜೊತೆ ಏನಂತ ಜಗಳವಾಡುವುದು? ಹಿಂದೆ ಒಮ್ಮೆ ರಾಜೀನಾಮೆ ಬರೆದುಕೊಟ್ಟಿದ್ದಳು. ಅವನು ಅದನ್ನು ಮಡಿಚಿ ಮೇಜಿನ ಖಾನೆಯಲ್ಲಿಟ್ಟು, “ನಿಮ್ಮೂರ ಮಂದೀನ ನೀರಿಲ್ದ ಇರ್ತಾರ, ನೋಡ್ರಿ ಮತ್ತ” ಅಂದಿದ್ದ. ಕಲಿಯಲು ಬಂದವರಿಗೆ ಕಲಿಸಿಯೂ ನೋಡಿದ್ದಳು. ಏಜಾಜ ಅನ್ನುವ ಚುರುಕು ಹುಡುಗ ಎಲ್ಲ ಕಲಿತ; ಕಲಿತ ಮೇಲೆ ಕಲಬುರಗಿಯಲ್ಲಿ ಒಳ್ಳೆಯ ನೌಕರಿ ಸಿಕ್ಕಿತು ಅಂತ ಪೇಡೆ ತಂದುಕೊಟ್ಟು ಹೋದ. ಅವಳು ಆ ಪೇಡೆಯನ್ನು ಬಾಯಿಗೆ ಹಾಕಲಿಲ್ಲ, ಹುಲೆಪ್ಪನಿಗೆ ಕೊಟ್ಟಳು.

ಈ ಸಲ ಅವಳು ಜಗ್ಗಲಿಲ್ಲ. “ದಿವಾನಸಾಬ್ರು ತಾವs ಬೀಗ ತಗ್ಯೂಹಂಗ ಮಾಡಿದ್ರ?” ಅಂದಳು. “ಯಾರೂ ಕೈ ಹಚ್ಚೂದು ಬ್ಯಾಡ. ಆವಾಗ ಬಿಡ್ತೀರೇನ್ರಿ?”

ಅನೀಲಕುಮಾರ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. “ಆತ್ರಿ. ಒಂದ ವಾರ ನೋಡೂಣು. ಸೋಮವಾರದಿಂದ ಶನಿವಾರದ ತನಕ ನೀವು ಆ ಕೋಣ್ಯಾಗ ಕಾಲ ಇಡಬಾರ್ದು. ಕೀಲಿ ನನ್ನ ಕಡೆ. ತಾನs ನಡದ್ರ ಮುಂದಿನ ಸೋಮವಾರ ನೀವು ಆಳಂದಕ್ಕ. ನಡೀಲಿಲ್ಲಂದ್ರ ಆ ಜಾಗಾ ಬ್ಯಾರೆಯವ್ರಿಗಿ ಹೋಗ್ತದ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ಅವಳು ಬಾಡಿಗೆ ಕೋಣೆಯಲ್ಲಿ ಕೂತು ಓದಿದಳು, ಅವರಿವರನ್ನು ಕೇಳಿದಳು, ತಪ್ಪಿದಳು, ಮತ್ತೆ ಬರೆದಳು. ಕೊನೆಗೆ ದಿವಾನಸಾಬರಿಗೆ ಬುದ್ಧಿ ಬಂತು. ಲೈನು ಎತ್ತುವ ಮೊದಲು, ಈ ಬೀಗ ನನ್ನದೇ ಹಳೆಯದೋ ಅಂತ ತಾವೇ ನೋಡಿಕೊಂಡು, ಹಳೆಯದಾದರೆ ತೆಗೆದೊಗೆದು ಮುಂದುವರಿಯುವಷ್ಟು ಬುದ್ಧಿ. ಸೋಮವಾರ ಬೆಳಿಗ್ಗೆ ಆ ಒಂದು ಸಾಲು ಟೈಪ್ ಮಾಡಿ, ಎಂಟರ್ ಒತ್ತಿ, ಹೊರಗೆ ಬಂದಳು. ಅನೀಲಕುಮಾರ ಬಾಗಿಲಿಗೆ ಕೀಲಿ ಹಾಕಿಕೊಂಡು ಹೋದ.

ಪಡಸಾಲೆಯಲ್ಲಿ ಅವಳಿಗೊಂದು ಮೇಜು ಹಾಕಿಸಿದ್ದರು. ಗಾಳಿಯಿತ್ತು, ಬೆಳಕಿತ್ತು, ಎದುರಿಗೆ ಬೇವಿನ ಗಿಡವಿತ್ತು. ಆದರೆ ಅವಳ ಜೀವವೆಲ್ಲ ಆ ಮುಚ್ಚಿದ ಬಾಗಿಲಿನ ಒಳಗೇ. ಮೊದಲು ಗುಂಯ್ ಅನ್ನಬೇಕು, ಆಮೇಲೆ ಟಕಟಕ ನಂಬರು, ಆಮೇಲೆ ಎರಡು ಯಂತ್ರಗಳು ಒಂದನ್ನೊಂದು ಗುರುತು ಹಿಡಿದು ಕೀಂಚ್ ಅಂತ ಕಿರುಚಬೇಕು. ಆ ಕಿರುಚಾಟ ಕೇಳಿದರೆ ಹುಲೆಪ್ಪ ಕಿವಿ ಮುಚ್ಚಿಕೊಳ್ಳುತ್ತಿದ್ದ. ಅವಳಿಗೆ ಮಾತ್ರ ಅದು ಕೇಳಿಸಿದ ಮೇಲೇ ಉಸಿರು.

ಬುಧವಾರ ಕಿರುಚಾಟದ ನಡುವೆಯೇ ಲೈನು ಕಡಿಯಿತು. ಸುಮಂಗಲಾಳ ಕೈಯಲ್ಲಿನ ಪೆನ್ನು ಹಾಗೇ ನಿಂತಿತು. ಒಳಗೆ ಸದ್ದಿಲ್ಲ. ಈಗ ಬೀಗ ಬಿದ್ದಿದೆ, ಈಗ ಸಾಹೇಬರು ಕೂತಿದ್ದಾರೆ, ಮುಗಿಯಿತು ಅಂದುಕೊಂಡಳು. ಆಮೇಲೆ ಗುಂಯ್ ಅಂತು. ಟಕಟಕ ನಂಬರು. ಕೀಂಚ್. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡುಬಿಟ್ಟಳು.

“ಯಾಕ್ರಿ ಅಕ್ಕಾ, ಕಣ್ಣಾಗ ಕಸಾ ಬಿತ್ತೇನ್ರಿ?” ಅಂದ ಹುಲೆಪ್ಪ.

“ಹ್ಞೂಂ ಹುಲೆಪ್ಪಣ್ಣ, ಕಸಾನ ಬಿತ್ತು.”

ಶುಕ್ರವಾರ ಸಂಜೆ ಮಗಳಿಗೆ ಫೋನ್ ಮಾಡಿದಳು. ಪೂರ್ತಿ ಹೇಳಲು ಧೈರ್ಯ ಬರಲಿಲ್ಲ, ಬಾಯಿ ತಡೆಯಲೂ ಆಗಲಿಲ್ಲ. “ರಾಧಿ, ಐತಾರ ಬರ್ತೇನಿ. ಬಂದು ಒಂದ ಮಾತ ಹೇಳ್ತೇನಿ. ಕೇಳಿದ್ರ ಕುಣೀತಿ ನೋಡು.”

“ಹ್ಞೂಂ,” ಅಂದಳು ರಾಧಿಕಾ. “ಬಸ್ಸ ಇದ್ರ ಬಾ.”

ಶನಿವಾರ ಕೊನೆಯ ದಿನ. ಅವತ್ತೇ ಅತನೂರಿನ ಹತ್ತಿರ ರಸ್ತೆ ಅಗೆಯುವವರು ಟೆಲಿಫೋನ್ ಕೇಬಲ್ಲಿಗೆ ಸಲಿಕೆ ತಾಗಿಸಿದರು. ಬೆಳಿಗ್ಗೆಯಿಂದ ಲೈನು ಒಮ್ಮೆ ಹೋಗುವುದು, ಒಮ್ಮೆ ಖರಖರ ಅನ್ನುವುದು. ರಿಪೇರಿಯವರು ಹೋಗಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಬರಬಹುದು ಅಂತ ಸುದ್ದಿ ಬಂತು. ಅನೀಲಕುಮಾರ, “ಲೈನ ಬಂದ ಮ್ಯಾಲ ದಿವಾನಸಾಬ್ರು ತಾವs ಹಚ್ಕೋತಾರಲ್ರಿ? ನೋಡೂಣು, ಇದs ಖರೇ ಪರೀಕ್ಷಾ” ಅಂದ. ಸುಮಂಗಲಾಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬರಲಿ ಶಿವನೇ, ಇದೊಂದು ಸಲ ಬರಲಿ ಅಂತ ಬೇವಿನ ಗಿಡದ ಸುತ್ತ ಸುತ್ತಿದಳು.

ಮಧ್ಯಾಹ್ನ ಅವಳ ಫೋನು ಪಡಸಾಲೆಯಲ್ಲಿ ಚಾರ್ಜಿಗಿತ್ತು. ಇಮಾಮಸಾಬ ಅವಳಿಗೆ ಹಚ್ಚಿದ, ಎತ್ತಲಿಲ್ಲ, ಹುಲೆಪ್ಪನಿಗೆ ಹಚ್ಚಿದ. ಹುಲೆಪ್ಪ ಗೇಟಿನಿಂದಲೇ ಕೂಗಿದ:

“ಅಕ್ಕಾ! ಇಮಾಮಸಾಬ ಫೋನ ಮಾಡಿದ್ದ. ಲೈನ ಬಂದದಂತ್ರಿ!”

ಸುಮಂಗಲಾ ಎರಡೂ ಕೈ ಎದೆಗಿಟ್ಟುಕೊಂಡಳು. “ಬಂತಾ? ಅಯ್ಯೋ ನನ್ನಪ್ಪಾ, ಬಂತಾ!” ಅಂದಳು.

ಹುಲೆಪ್ಪನೂ ಹಲ್ಲು ಕಿರಿದು, “ಬಂತ ನೋಡ್ರಿ” ಅಂದ. ಪಾಪ, ಅವನಿಗೆ ಹೇಳಿದ್ದು ಬಂದದ ಅಂತ, ಅವನು ದಾಟಿಸಿದ್ದೂ ಬಂದದ ಅಂತ. ಅವಳು ಬಂತು ಅಂದದ್ದಕ್ಕೆ ಅವನೂ ಬಂತು ಅಂದ.

ಬಂತೋ, ಬಂದ್ ಆತೋ? ಆ ಒಂದು ಮಾತು. ಸಾವಿರ ಸಲ ಕೇಳಿದ ಮಾತನ್ನು ಅವಳು ಅವತ್ತು ಕೇಳಲಿಲ್ಲ. ಬರಲಿ ಬರಲಿ ಅಂತ ಕಾದು ಕೂತ ಕಿವಿಗೆ ಬಂದದ ಅನ್ನುವುದು ಬಂದಿದೆ ಅಂತಲೇ ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡು ಬಜಾರಕ್ಕೆ ನಡೆದಳು. ವಾರವೆಲ್ಲ ಬಾಗಿಲಿಗೆ ಅಂಟಿಸಿದ್ದ ಕಿವಿಯನ್ನು ಮೊದಲ ಸಲ ಕಿತ್ತುಕೊಂಡು ಹೊರಗೆ ಹೋಗಿದ್ದಳು. ರಾಧಿಕಾಳಿಗೆ ಸ್ಟೀಲಿನ ಒಂದು ಟಿಫಿನ್ ಡಬ್ಬಿ ಕೊಂಡಳು, ಒಳಗೆ ಎರಡು ಖಾನೆ ಇರುವಂಥದ್ದು. ಒಂದರಲ್ಲಿ ರೊಟ್ಟಿ, ಒಂದರಲ್ಲಿ ಪಲ್ಯ. ಸೋಮವಾರದಿಂದ ತಾನೇ ಕಟ್ಟಿಕೊಡುವುದು. ಅಂಗಡಿಯ ವಜೀರುನ್ನಿಸಾ, ಮೇಲೆ ಹೆಸರು ಕೊರೆಸಬೇಕೇ ಅಂದಳು. ಕೊರೆಸಿದಳು. ಅಲ್ಲಿಂದ ಕಚೇರಿಗೆ ತಿರುಗದೆ ನೆಟ್ಟಗೆ ಬಾಡಿಗೆ ಕೋಣೆಗೆ ಹೋದಳು.

ಭಾನುವಾರ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿರುವಾಗ ಅತ್ತೆಯ ಫೋನು ಬಂತು.

“ಏನವಾ ಸುಮ್ಮಾ, ನಿಮ್ಮ ದಿವಾನಸಾಬ ಸತ್ತನೇನು?” ಕಸ್ತೂರಿಬಾಯಿಯ ದನಿ ಯಾವಾಗಲೂ ಏರಿದ್ದೇ, ಅವತ್ತು ಇನ್ನೂ ಏರಿತ್ತು. “ನಳದಾಗ ಹನಿ ನೀರಿಲ್ಲ. ನಿನ್ನಿ ಸಂಜಿನೂ ಬರಲಿಲ್ಲ, ಇವತ್ತೂ ಇಲ್ಲ. ಊರ ಮಂದಿ ಎಲ್ಲಾ ಬ್ವಾರಿನ ಮುಂದ ಕೊಡ ಹಿಡಕೊಂಡು ಬಡದಾಡಾಕತ್ತಾರ. ನಿಮ್ಮ ಸೊಸಿ ಏನ ಮಾಡ್ತಾಳಂತ ನನಗ ಕೇಳ್ತಾರ!”

ಸುಮಂಗಲಾ ಚೀಲ ಹಿಡಿದು ಒದ್ದೆ ಕೂದಲಲ್ಲೇ ಕಚೇರಿಗೆ ಓಡಿದಳು. ಹುಲೆಪ್ಪ ಅನೀಲಕುಮಾರನ ಮನೆಯಿಂದ ಕೀಲಿ ತಂದ. ಬಾಗಿಲು ತೆಗೆದರೆ, ಒಳಗೆ ದಿವಾನಸಾಬರು ತಪ್ಪೇ ಮಾಡಿರಲಿಲ್ಲ. ಗುಂಯ್, ಟಕಟಕ, ಆ ಕಡೆ ಸತ್ತ ಮೌನ. ಫೋನ್ ಇಡುವುದು, ತಡೆಯುವುದು, ಮತ್ತೆ ಹಚ್ಚುವುದು. ಶನಿವಾರ ಮಧ್ಯಾಹ್ನದಿಂದ ಬಿಡದೆ ಹಚ್ಚುತ್ತಲೇ ಇದ್ದರು. ಬೀಗವನ್ನೂ ತಾವೇ ತೆಗೆದುಕೊಂಡಿದ್ದರು. ಅವಳು ಕಲಿಸಿದ್ದೆಲ್ಲ ಅಚ್ಚುಕಟ್ಟಾಗಿ ಮಾಡಿದ್ದರು.

ಅವಳು ಇಮಾಮಸಾಬನಿಗೆ ಫೋನ್ ಹಚ್ಚಿದಳು. “ಚಾಚಾ! ಲೈನ ಬಂದದಂತ ಹೇಳಿದ್ರೆಲ್ಲ!”

“ಹೌದ್ರಿ ಬಾಯಿ, ಬಂದದಂತನ ಹೇಳೇನಿ. ಇನ್ನಾ ಬಂದದ ನೋಡ್ರಿ. ನೀವು ಫೋನ ಮಾಡಿ ಹೇಳ್ತೀರಿ, ಪಂಪ ಹಾಕೂಣು ಅಂತ ನಿನ್ನಿಯಿಂದ ಗುಂಡಿ ಮುಂದs ಕುಂತೇನ್ರಿ.” ಆಮೇಲೆ ಅವನಿಗೂ ಹೊಳೆಯಿತು. “ಬಾಯಿ… ನೀವು ಕೇಳಲಿಲ್ಲಲ್ರಿ, ಬಂತೋ ಬಂದೋ ಅಂತ? ಯಾ ಅಲ್ಲಾ.”

“ಪಂಪ ಹಾಕ್ರಿ ಚಾಚಾ,” ಅಂದಳು ಸುಮಂಗಲಾ. “ಈಗs ಹಾಕ್ರಿ.” ಹೇಳಿ, ಮೊಳೆ ಹೊಡೆದ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಳು.

ಅನೀಲಕುಮಾರ ಬಂದ. ಮೇಲಿನವರ ಫೋನು ಅವನಿಗೂ ಬಂದಿತ್ತು. ಅವನು ಕೂಗಾಡಲಿಲ್ಲ. ಖುರ್ಚಿ ಎಳೆದುಕೊಂಡು ಕೂತು, ಸಮಾಧಾನದ ದನಿಯಲ್ಲೇ ಹೇಳಿದ: “ಇರ್ಲಿ ಬಿಡ್ರಿ ಮೇಡಂ, ನೀರ ಹೊಂಟದ. ಆದ್ರ ನೋಡ್ರಿ, ನಾ ಹೇಳಿದ್ದು ಇದs. ಮಷೀನ ಎಷ್ಟ ಶ್ಯಾಣ್ಯಾ ಆದ್ರೂ ಕೇಳಾಕ ಒಬ್ರು ಬೇಕs. ನೀವು ಒಳಗ ಕುಂತಿದ್ರ ಹಿಂಗ ಆಗ್ತಿತ್ತೇನ್ರಿ? ನಿಮ್ಮಂಥವ್ರ ಎಲ್ಲಿ ಸಿಗ್ತಾರ?”

“ಆಳಂದದ ಜಾಗಾ?”

“ಅದು… ಬ್ಯಾರೆಯವ್ರ ಹೆಸರ ಕಳಿಸಂತ ಮ್ಯಾಲಿನವ್ರು ಹೇಳ್ಯಾರ್ರಿ. ನನ್ನ ಕೈಯಾಗಿಲ್ಲ.”

ಸುಮಂಗಲಾ ಎದ್ದು ನಿಂತಳು. “ನಾನೇನ ಮೋಡೆಮ್ಮೇನ್ರಿ ಸರ್? ಹೇಳ್ರಿ. ಇದ್ರ ಕೂಡ ನನ್ನೂ ಗ್ವಾಡಿಗಿ ಸ್ಕ್ರೂ ಹಾಕಿ ಬಡದಿರೇನು? ನನಗ ಮನಿ ಇಲ್ಲೇನ್ರಿ? ನನ್ನ ಮಗಳ ಮುಖ ನಾ ನೋಡಬಾರ್ದೇನ್ರಿ? ಶ್ಯಾಣ್ಯಾಕಿ ಶ್ಯಾಣ್ಯಾಕಿ ಅಂದು ಅಂದು ನನ್ನ ಇಲ್ಲೇ ಹೂತುಬಿಟ್ರೆಲ್ರಿ!”

ಹುಲೆಪ್ಪ ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದ. ಅವಳು ಚೀಲ ಎತ್ತಿಕೊಂಡು ಹೊರಟಾಗ ಅನೀಲಕುಮಾರ ಹಿಂದಿನಿಂದ ಮೆಲ್ಲಗೆ, “ಸೋಮವಾರ ಬರ್ತೀರಲ್ರಿ?” ಅಂದ. ಬರುತ್ತಾಳೆ ಅಂತ ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಬಸ್ ನಿಲ್ದಾಣದಲ್ಲಿ ಕೂರಲು ಜಾಗವಿರಲಿಲ್ಲ. ಬಿಸಿಲು, ಧೂಳು, ಮಿರ್ಚಿ ಭಜಿ ಕರಿಯುವ ವಾಸನೆ. ಕೂದಲು ಇನ್ನೂ ಒದ್ದೆಯಿತ್ತು. ಕುಣಿಸುವ ಸುದ್ದಿ ತರುತ್ತೇನೆ ಅಂದಿದ್ದಳು. ಈಗ ತರಲು ಒಂದು ಡಬ್ಬಿ ಬಿಟ್ಟು ಏನೂ ಉಳಿದಿರಲಿಲ್ಲ. ಆದರೂ ಹೋಗಬೇಕು. ಒಂದು ರಾತ್ರಿಗಾದರೂ ಹುಡುಗಿಯ ಪಕ್ಕ ಮಲಗಬೇಕು. ಬಹಳ ಹೊತ್ತಿನ ಮೇಲೆ ಕಲಬುರಗಿಯ ಬಸ್ಸು ಹಾರ್ನ್ ಹೊಡೆಯುತ್ತ ಒಳಗೆ ತಿರುಗಿತು. ಜನ ನುಗ್ಗಿದರು. ಸುಮಂಗಲಾ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಫೋನು ಹಿಡಿದು ಮನೆಗೆ ಹಚ್ಚಿದಳು. ರಾಧಿಕಾ ಎತ್ತಿದಳು.

“ರಾಧಿ! ರಾಧಿ, ಬಸ್ಸ ಬಂದದ!” ಗದ್ದಲದಲ್ಲಿ ಕೂಗಿ ಹೇಳಿದಳು.

“ಬಂದದ?” ಅಂದಳು ಹುಡುಗಿ.

“ಹ್ಞೂಂ, ಬಂದದ ಬಂದದ!”

“ಆತು ಬಿಡು ಮಮ್ಮಿ. ನನಗ ಗೊತ್ತಿತ್ತು. ಮುಂದಿನ ವಾರ ಬಾ.” ಫೋನು ಕಟ್ಟಾಯಿತು.

ಹಿಂದಿನವರು ನೂಕಿದರು, ಅವಳು ಮೆಟ್ಟಿಲ ಮೇಲೆ ಬಿದ್ದಂತೆ ಹತ್ತಿ ಯಾವುದೋ ಸೀಟಿನಲ್ಲಿ ಕೂತಳು. ಆಗ ಅವಳಿಗೆ ತಿಳಿಯಿತು. ಹುಡುಗಿ ತಿರುಗಿ ಕೇಳಲಿಲ್ಲ, ಬಂತೋ, ಬಂದೋ ಅಂತ. ಕೇಳುವ ಅವಶ್ಯಕತೆಯೇ ಅವಳಿಗಿರಲಿಲ್ಲ. ಅವ್ವನ ಬಾಯಿಂದ ಆ ಶಬ್ದ ಬಂದರೆ ಅದಕ್ಕೆ ಒಂದೇ ಅರ್ಥ ಅಂತ ಇಷ್ಟು ವರ್ಷ ಅವ್ವನೇ ಕಲಿಸಿದ್ದಳಲ್ಲ. ಮತ್ತೆ ಹಚ್ಚಿದಳು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬಸ್ಸು ಊರು ದಾಟುವ ಹೊತ್ತಿಗೆ ಕಸ್ತೂರಿಬಾಯಿ ಎತ್ತಿದಳು.

“ಅತ್ತಿ, ರಾಧಿ ಅಳಾಕತ್ತಾಳೇನ್ರಿ?”

“ಯಾಕವಾ ಅಳ್ತಾಳ? ಆಡಾಕ ಹೋದ್ಳು. ನೀ ಬರೂದಿಲ್ಲಂತ ಹೇಳಿದೆಂತಲ್ಲ. ಹೇಳಿದ್ಳು, ಚಪ್ಪಲಿ ಹಾಕ್ಕೊಂಡು ಹೋದ್ಳು.”

“ಬರಾಕತ್ತೇನಿ ಅತ್ತಿ. ಬಸ್ಸ ಬಂದ…” ಅಂದವಳು ಅಲ್ಲೇ ಕಚ್ಚಿ ಹಿಡಿದಳು. ಬೇರೆ ಶಬ್ದ ಹುಡುಕಿದಳು. “ಬಸ್ಸಿನಾಗ ಕುಂತೇನ್ರಿ. ಬಸ್ಸ ಹೊಂಟದ. ಆಕಿಗಿ ಹೇಳ್ರಿ, ಮಮ್ಮಿ ಬಸ್ಸಿನಾಗ ಕುಂತಾಳಂತ.”

“ಹೇಳ್ತೇನವಾ,” ಅಂದಳು ಕಸ್ತೂರಿಬಾಯಿ. ಈ ಸಲ ಅವಳ ದನಿ ಏರಿರಲಿಲ್ಲ. “ಆದ್ರ ಆಕಿ ನಂಬೂದಿಲ್ಲ. ನಾಳೆ ಮುಂಜಾನೆ ತಿರುಗಿ ಹೋಗಾಕಿನ ಅಲ್ಲೇನು ನೀ?”

ಸುಮಂಗಲಾ ಹ್ಞೂಂ ಅಂದಳು. ಫೋನ್ ಇಟ್ಟಳು. ಡಬ್ಬಿಯನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಸ್ವಲ್ಪ ಹೊತ್ತು ತಡೆದು, ಮತ್ತೆ ಅದೇ ನಂಬರ್ ಹಚ್ಚಿದಳು.